ಕಾಲು ತೊಳೆದ ನೀರು

ನಮ್ಮ ಹಳೆಯ ಮನೆಯ ಮುಂದಿದ್ದ ಕಲ್ಲುಬಾನಿಯನ್ನು ಊರಿನ ಹುಡುಗರು ಕೇಳುತ್ತಿದ್ದಾರೆ. ಶಾಲೆಯ ಅಂಗಳದಲ್ಲಿ ಒಂದು ಕಟ್ಟೆ ಕಟ್ಟಿಸಿ, ಅದರ ಮೇಲೆ ಬಾನಿಯನ್ನು ಕೂರಿಸಿ, ಕೆಳಗೆ ನನ್ನ ಅಜ್ಜಿ ಕೆಂಚಮ್ಮನ ಹೆಸರು ಕೆತ್ತಿಸುತ್ತಾರಂತೆ. ಜಾತಿಗೀತಿ ನೋಡದೆ ಗಣಿಯ ಕೆಲಸಗಾರರೆಲ್ಲರ ಕಾಲಿಗೆ ನೀರು ಹಾಕಿ, ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದ ಮಹಾತಾಯಿ ಎಂದು ಬರೆಸುವ ಯೋಚನೆ ಅವರದು. ಮನೆಯಂತೂ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಆ ಜಾಗದಲ್ಲಿ ನನ್ನ ಚಿಕ್ಕಪ್ಪನ ಮಗ ದಾಳಿಂಬೆ ಹಾಕಿದ್ದಾನೆ, ಬಾನಿ ಬದುವಿನ ಮೇಲೆ ಬಿದ್ದಿದೆ, ಮಳೆ ಬಂದಾಗ ಅದರಲ್ಲಿ ನಿಂತ ನೀರನ್ನು ನಾಯಿಗಳು ಕುಡಿಯುತ್ತವೆ. ಹೊಸದುರ್ಗದಲ್ಲಿರುವ ನನಗೆ ಫೋನ್ ಮಾಡಿದ ಹುಡುಗ ಬಹಳ ಉತ್ಸಾಹದಲ್ಲಿದ್ದ. 'ನೀವು ಹೂಂ ಅನ್ರಿ ಮೇಡಂ, ಉಳಿದಿದ್ದೆಲ್ಲ ನಾವು ನೋಡ್ಕಂತೀವಿ' ಎಂದ. ನೋಡೋಣಪ್ಪ ಎಂದು ಹೇಳಿ ಫೋನ್ ಇಟ್ಟೆ. ಮೇಷ್ಟ್ರ ಕೆಲಸ ಮಾಡಿ ನಿವೃತ್ತಳಾದ ನನಗೆ ಇನ್ನೊಬ್ಬರ ಬರಹ ತಿದ್ದುವುದು ಹೊಸದಲ್ಲ. ಆದರೆ ಆ ಹುಡುಗರು ಬರೆಸಬೇಕೆಂದಿರುವ ಸಾಲಿನಲ್ಲಿ ಒಂದೂ ಸುಳ್ಳಿಲ್ಲ, ಎಲ್ಲವೂ ನಡೆದದ್ದೇ. ಅದೇ ನನ್ನ ಕಷ್ಟ. ಅವರಿಗೆ ಉತ್ತರ ಕೊಡುವ ಮೊದಲು ಆ ಮನೆಯಲ್ಲಿ ನಾನು ಕಂಡದ್ದನ್ನು ಬರೆದುಬಿಡಬೇಕು.

ಚಿನ್ನದ ಗಣಿ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಯಲ್ಲದಕೆರೆಯ ಆಚೆಗಿನ ಗುಡ್ಡಸಾಲಿನಲ್ಲಿ ನಮ್ಮದೂ ಒಂದು ಗುಡ್ಡ. ಅದರ ಮೈತುಂಬ ಯಾವ ಕಾಲದವರೋ ತೋಡಿ ಬಿಟ್ಟುಹೋದ ಗುಂಡಿಗಳು, ಅದಕ್ಕೇ ಗುಂಡಿಗುಡ್ಡ ಎಂದು ಹೆಸರು. ಆ ಹಳಬರು ಕಲ್ಲು ಕುಟ್ಟಿ ಪುಡಿ ಮಾಡಿದ ಕುಳಿಗಳು ಬಂಡೆಗಳ ಮೇಲೆ ಈಗಲೂ ಇವೆ, ಕುರಿ ಕಾಯುವವರು ಅದರಲ್ಲಿ ಶೇಂಗಾ ಜಜ್ಜಿಕೊಂಡು ತಿನ್ನುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಯಾವುದೋ ಒಂದು ಸಣ್ಣ ಕಂಪನಿಯವರು ಬಂದು ಆ ಹಳೆಯ ಗುಂಡಿಯೊಂದನ್ನೇ ಆಳಕ್ಕೆ ಇಳಿಸಿದ್ದರು. ಮೇಲೆ ಒಂದು ತಗಡಿನ ಶೆಡ್ಡು, ಅದರೊಳಗೆ ಕಲ್ಲು ಅರೆಯುವ ಯಂತ್ರ, ಅರೆದ ಹಿಟ್ಟನ್ನು ನೀರಿನಲ್ಲಿ ಅಲುಗಾಡಿಸಿ ಹಗುರವಾದದ್ದನ್ನು ಹೊರಗೆ ತಳ್ಳಿ ಭಾರವಾದದ್ದನ್ನು ಉಳಿಸಿಕೊಳ್ಳುವ ಒಂದು ಇಳಿಜಾರು ಮೇಜು. ಇಷ್ಟೇ ಗಣಿ. ಸಿಗುತ್ತಿದ್ದ ಚಿನ್ನವೂ ಅಪ್ಪಟವಲ್ಲ, ಬೆಳ್ಳಿ ಬೆರೆತು ಬಿಳಿಚಿಕೊಂಡ ಚಿನ್ನ. ಗುಡ್ಡದಿಂದ ಊರಿಗೆ ಇಳಿಯುವ ದಾರಿಯಲ್ಲಿ ಮೊದಲು ಸಿಗುವುದೇ ನಮ್ಮ ಮನೆ. ಪಾಳಿ ಮುಗಿಸಿ ಬರುವ ಕೆಲಸಗಾರರಿಗೆ ಸಂಜೆ ಊಟ ಹಾಕುವ ಕೆಲಸವನ್ನು ಕಂಪನಿಯವರು ನಮ್ಮ ಅಜ್ಜಿಗೆ ವಹಿಸಿದ್ದರು.

ಮನೆಗೆ ಅಜ್ಜಿಯದೇ ಯಜಮಾನಿಕೆ. ಅಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದ, ಸೌದೆ ತರುತ್ತಿದ್ದ, ಹಿರಿಯೂರಿನ ಸಂತೆಯಿಂದ ಬೇಳೆಕಾಳು ತರುತ್ತಿದ್ದ, ಉಳಿದಂತೆ ಬಾಯಿ ಬಿಡುತ್ತಿರಲಿಲ್ಲ. ಅವ್ವ ಅಡುಗೆಮನೆಯ ಹೊಗೆಯಲ್ಲಿ ಮುಳುಗಿರುತ್ತಿದ್ದಳು. ಉದ್ದನೆಯ ಜಗಲಿ, ಅದರ ಹಿಂದೆ ನಡುಮನೆ, ನಡುಮನೆಯ ಬಲಕ್ಕೆ ಅಡುಗೆಮನೆ, ಹಿಂದೆ ಹಿತ್ತಲು. ಜಗಲಿಯ ಮೆಟ್ಟಿಲ ಬುಡದಲ್ಲಿ ಆ ಕಲ್ಲುಬಾನಿ. ಅದನ್ನು ಅಜ್ಜಿಯೇ ಗುಡ್ಡದ ಹಳೆಯ ಗುಂಡಿಗಳ ಹತ್ತಿರ ಕಂಡು, ಅಪ್ಪನ ಗಾಡಿಯಲ್ಲಿ ಹೇರಿಸಿ ತರಿಸಿದ್ದಂತೆ. ಬಾನಿಯ ಬಾಯಿಗೆ ಅಡ್ಡಲಾಗಿ ಒಂದು ಚಪ್ಪಡಿ ಕಲ್ಲು. ಬಂದವರು ಅದರ ಮೇಲೆ ನಿಲ್ಲಬೇಕು, ಅಜ್ಜಿ ಚೊಂಬಿನಿಂದ ಬೆಚ್ಚನೆ ನೀರು ಹುಯ್ಯಬೇಕು, ನೀರು ಬಾನಿಗೇ ಇಳಿಯಬೇಕು. ಕಾಲು ತೊಳೆಯದೆ ಒಬ್ಬರೂ ಮೇಲೆ ಹತ್ತುವ ಹಾಗಿರಲಿಲ್ಲ. ಕೆಲಸದ ಅಂಗಿಯನ್ನು ಬಿಚ್ಚಿ ಬುಟ್ಟಿಗೆ ಹಾಕಿದರೆ ಅಜ್ಜಿ ಒಗೆಸಿ ಕೊಡುತ್ತಿದ್ದಳು, ಅದಕ್ಕೆ ಯಾರ ಹತ್ತಿರವೂ ಏನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಜಗಲಿಯ ಮೇಲೆಯೇ ಒಂದೇ ಸಾಲು. ಮುದ್ದೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ, ನಿಂಬೆಕಾಯಿ ಉಪ್ಪಿನಕಾಯಿ. ದಣಿದು ಬಂದವರ ಬೆನ್ನು ತಟ್ಟಿ ತಟ್ಟಿ ಮಾತಾಡಿಸುವಳು.

"ಬಾರೋ ಮಗನೆ, ಎಷ್ಟು ಸೊರಗೀಯಲ್ಲೋ. ನಿಂತ್ಕ ಇಲ್ಲಿ, ಕಾಲಿಗೆ ನೀರು ಹಾಕ್ತೀನಿ."

ಇದು ಅವಳ ದಿನನಿತ್ಯದ ಮಾತು. ಎಲ್ಲರೂ ಅವಳಿಗೆ ಮಗನೇ, ಎಲ್ಲರಿಗೂ ಅವಳು ದೊಡ್ಡವ್ವ.

ಆ ಸಾಲಿನ ಕೊನೆಯಲ್ಲಿ ಕೂರುತ್ತಿದ್ದವನು ಓಬಣ್ಣ. ನಮ್ಮದೇ ಊರಿನ ಕೇರಿಯವನು, ಅಲುಗುವ ಮೇಜಿನ ಹತ್ತಿರ ಕೆಲಸ ಮಾಡುತ್ತಿದ್ದ. ನನಗಿಂತ ಎಷ್ಟೋ ದೊಡ್ಡವನಾದರೂ ಮನೆಯಲ್ಲಿ ಎಲ್ಲರೂ ಅವನನ್ನು ಓಬ ಎನ್ನುತ್ತಿದ್ದರು, ಮೂಗು ಒರೆಸಿಕೊಳ್ಳಲು ಬಾರದ ನಾನೂ 'ಲೇ ಓಬ' ಎನ್ನುತ್ತಿದ್ದೆ. ಈಗ ಅಣ್ಣ ಎಂದು ಸೇರಿಸಿ ಬರೆಯುವಾಗ ಕೈಗೆ ನಾಚಿಕೆಯಾಗುತ್ತದೆ. ಅವನ ಕಾಲಿಗೂ ಅಜ್ಜಿ ನೀರು ಹಾಕುತ್ತಿದ್ದಳು, ಚೊಂಬನ್ನು ಬೇರೆಯವರಿಗಿಂತ ಒಂದಿಷ್ಟು ಎತ್ತರದಲ್ಲಿ ಹಿಡಿದು. ಬೆನ್ನನ್ನೂ ತಟ್ಟುತ್ತಿದ್ದಳು, ಕೈಯಿಂದಲ್ಲ, ಹೆಗಲ ಮೇಲಿನ ಟವೆಲಿನ ತುದಿಯಿಂದ. ಆದರೂ ಜಗಲಿಯ ಮೇಲೆ ಕೂರಿಸುತ್ತಿದ್ದಳಲ್ಲ! ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಅದೇನು ಸಣ್ಣ ಮಾತೇ? ಊರಿನ ಹಿರಿಯರು ಒಂದೆರಡು ಸಲ ಬಂದು ತಕರಾರು ತೆಗೆದರು. 'ಹಸಿದವನಿಗೆ ಯಾವ ಜಾತಿ ಐತ್ರಪ್ಪ, ನೀವೇ ಹೇಳ್ರಿ' ಎಂದು ಅಜ್ಜಿ ಅವರ ಬಾಯಿ ಮುಚ್ಚಿಸಿದಳು. ಸಿರಿಗೆರೆಯಲ್ಲಿ ಓದಿ ಬಂದಿದ್ದ ನಮ್ಮ ಶಾಲೆಯ ಮೇಷ್ಟ್ರು ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಂಥ ಅಜ್ಜಿಯ ಮೊಮ್ಮಗಳಾಗುವುದಕ್ಕೆ ಪುಣ್ಯ ಮಾಡಿರಬೇಕು ಎಂದಿದ್ದರು. ಆವತ್ತು ನಾನು ಮನೆಗೆ ನಡೆದು ಬಂದದ್ದನ್ನು ನೀವು ನೋಡಬೇಕಿತ್ತು, ನೆಲ ಮುಟ್ಟಿರಲಿಲ್ಲ ಕಾಲು.

ಸಂಜೆ ಕೆಲಸಗಾರರು ಬರುವ ಹೊತ್ತಿಗೆ ನಮ್ಮ ಕಳ್ಳಿಬೇಲಿಯ ಆಚೆ ಒಬ್ಬ ಹೆಂಗಸು ಬಂದು ನಿಲ್ಲುತ್ತಿದ್ದಳು. ಓಬಣ್ಣನ ತಾಯಿ. ಒಳಗೆ ಬರುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಸುಮ್ಮನೆ ನಮ್ಮ ಜಗಲಿಯ ಕಡೆ ನೋಡುತ್ತಿದ್ದಳು, ಸ್ವಲ್ಪ ಹೊತ್ತಾದ ಮೇಲೆ ಹೊರಟುಹೋಗುತ್ತಿದ್ದಳು. ಉಳಿದ ಮುದ್ದೆಗಾಗಿ ಕಾಯುತ್ತಾಳೆ ಎಂದು ನಾನು ತಿಳಿದಿದ್ದೆ. ಎಷ್ಟೋ ಸಲ ಅವ್ವ ಒಂದು ಎಲೆಯಲ್ಲಿ ಮುದ್ದೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಅವಳು ಅಲ್ಲಿರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೂ ಕೆಲವು ಕಟ್ಟಳೆಗಳಿದ್ದವು. ಜಗಲಿ ಗುಡಿಸಿದ ಕಸವನ್ನು ಹೊರಗೆ ಎಸೆಯಬಾರದು, ಹಿತ್ತಲಿನ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಗುಡಾಣಕ್ಕೆ ಹಾಕಬೇಕು. ಅಂಗಿ ಒಗೆದ ನೀರನ್ನು ಚೆಲ್ಲಬಾರದು, ಅದೂ ಅಲ್ಲಿಗೇ. ಬಾನಿಯ ನೀರನ್ನು ತುಳಿಯಬಾರದು, ದಾಟಬಾರದು, ನೀರು ತಿಳಿಯಾದ ಮೇಲೆ ಮೇಲಿನದನ್ನು ಮಾತ್ರ ಮೆತ್ತಗೆ ಬಸಿದು ಕೆಳಗಿನ ಕೆಸರನ್ನು ಗುಡಾಣಕ್ಕೆ ಸೇರಿಸಬೇಕು. ಯಾಕೆಂದು ಕೇಳಿದರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಎಂದು ಉತ್ತರ. ಬೇರೆ ಮನೆಗಳಲ್ಲಿಯೂ ಹೀಗೆಯೇ ಇರುತ್ತದೆಂದು ನಾನು ನಂಬಿದ್ದೆ. ಮಕ್ಕಳಿಗೆ ತಮ್ಮ ಮನೆಯೇ ಲೋಕ ತಾನೆ.

ಯುಗಾದಿಗೆ ಮುಂಚೆ ಒಂದು ದಿನ ಜ್ವರವೆಂದು ಶಾಲೆಗೆ ಹೋಗದೆ ಮಲಗಿದ್ದವಳು ಎದ್ದು ಹಿತ್ತಲಿಗೆ ಹೋದೆ. ಅಜ್ಜಿ ಗುಡಾಣದ ಕೆಸರನ್ನು ಮುಂದಿಟ್ಟುಕೊಂಡು, ಒಂದು ಮರದ ಮರಿಗೆಯಲ್ಲಿ ಹಿಡಿ ಹಿಡಿಯಾಗಿ ಹಾಕಿಕೊಂಡು, ನೀರಿನಲ್ಲಿ ಆಡಿಸುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಬೇರೆ ಮಾಡಲು ಜಾಲಿಸುತ್ತೇವಲ್ಲ, ಹಾಗೆಯೇ. ಅವಳ ತವರಿನವರು ಹಳ್ಳದ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರೆಂದು ಆಮೇಲೆ ಗೊತ್ತಾಯಿತು. ಕೆಸರೆಲ್ಲ ಹರಿದುಹೋಗಿ ಮರಿಗೆಯ ತಳದಲ್ಲಿ ಕರೀ ಮರಳು ಉಳಿಯಿತು. ಅದನ್ನು ಒಂದು ಕಡೆ ವಾಲಿಸಿದಾಗ ಅಂಚಿನಲ್ಲಿ ಒಂದು ತೆಳ್ಳನೆಯ ಬಿಳಿಹಳದಿ ಗೆರೆ ಎದ್ದಿತು. ನನ್ನ ನೆರಳು ಬಿದ್ದದ್ದೇ ಅಜ್ಜಿ ತಿರುಗಿದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಒದ್ದೆ ಕೈಯಲ್ಲಿ ನನ್ನ ಕಿವಿಯ ತುದಿ ಹಿಡಿದಳು.

"ನೋಡಿದ್ಯಾ? ಇದು ನಿನ್ನ ಕಿವಿಗೆ. ಯಾರ ತಾವೂ ಬಾಯಿ ಬಿಡಬ್ಯಾಡ."

"ಇದು ಕಂಪನಿಯೋರದಲ್ವಾ ಅಜ್ಜಿ?"

"ಕಾಲಾಗಿನ ಕೆಸರು ಯಾವ ಕಂಪನಿದೇ? ಅವ್ರು ಗೇಟ್ನಾಗೆ ರುಮಾಲು ಬಿಚ್ಚಿಸ್ತಾರೆ, ಬಾಯಿ ತೆಗೆಸಿ ನೋಡ್ತಾರೆ, ಕಾಲು ನೋಡಲ್ಲ. ಹಳ್ಳಕ್ಕೆ ಹೋಗೋದು ನಮ್ಮ ಹಿತ್ಲಿಗೆ ಬಂತು. ಅದ್ರಾಗೇನು ತಪ್ಪು?"

ತಪ್ಪಿದೆಯೋ ಇಲ್ಲವೋ ಎನ್ನುವುದು ನನಗೆ ಆ ಹೊತ್ತಿಗೆ ಬೇಕಿರಲಿಲ್ಲ. ನನಗೆ ಓಲೆ ಬೇಕಿತ್ತು. ಕಂಪನಿಯ ಚಿನ್ನದ ವಿಚಾರವಾಗಿ ಇವತ್ತಿಗೂ ನನಗೆ ದೊಡ್ಡ ಸಂಕಟವೇನಿಲ್ಲ, ಅಜ್ಜಿಯ ವಾದವನ್ನು ನಗುತ್ತಲೇ ಒಪ್ಪಿಕೊಳ್ಳಬಹುದು. ಆದರೆ ಆವತ್ತು ಸಂಜೆ ಅವಳು ಎಂದಿನಂತೆ ಮೆಟ್ಟಿಲ ಬಳಿ ನಿಂತು 'ಬಾರೋ ಮಗನೆ' ಎಂದಾಗ ನನ್ನ ಕಣ್ಣು ಅವಳ ಮುಖವನ್ನು ಬಿಟ್ಟು ನೀರಿನ ಹಿಂದೆ ಹೋಯಿತು. ಬೆನ್ನು ತಟ್ಟಿದಾಗ ಧೂಳು ಎಲ್ಲಿ ಬೀಳುತ್ತದೆಂದು ನೋಡಿದೆ. ಒಂದೇ ಸಾಲಿನಲ್ಲಿ ಎಲ್ಲರನ್ನೂ ಜಗಲಿಯ ಮೇಲೆ ಯಾಕೆ ಕೂರಿಸುತ್ತಾಳೆ ಎಂಬುದೂ ಆವತ್ತೇ ತಿಳಿಯಿತು. ಅಂಗಳದಲ್ಲಿ ಕೂರಿಸಿದರೆ ಉದುರಿದ್ದು ಮಣ್ಣಿಗೆ ಸೇರಿಹೋಗುತ್ತಿತ್ತು, ಗುಡಿಸಿಕೊಳ್ಳಲು ಆಗುತ್ತಿರಲಿಲ್ಲ. ಮೇಲೆ ಕೂತವರೆಲ್ಲ ಒಂದೇ ರೀತಿ ಧೂಳು ಹೊತ್ತು ಬಂದವರು. ಓಬಣ್ಣ ಮೇಜಿನ ಹತ್ತಿರ ಕೆಲಸ ಮಾಡುವವನಾದ್ದರಿಂದ ಅವನ ಕಾಲಿನದು ಎಲ್ಲರಿಗಿಂತ ಬೆಲೆಯ ಕೆಸರು.

ಇದೆಲ್ಲ ಗೊತ್ತಿದ್ದ ಅವ್ವ, ಅಜ್ಜಿ ಕಾಲಿಗೆ ನೀರು ಹಾಕುವ ಹೊತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ಅತ್ತೆಯ ಎದುರು ನಿಂತು ಮಾತಾಡುವ ಜೀವವೂ ಅಲ್ಲ ಅದು. ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಒಂದೇ ಸಲ, ಆ ವರ್ಷದ ದೀಪಾವಳಿಯಲ್ಲಿ.

ಹಬ್ಬಕ್ಕೆ ಗಣಿಗೆ ರಜ. ನಮ್ಮ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು, ನಾನು ಜಗಲಿಯ ಮೇಲೆ ಹೂ ಕಟ್ಟುತ್ತ ಕೂತಿದ್ದೆ, ಅಜ್ಜಿ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಬೇಲಿಯ ಕಡೆಯಿಂದ ಓಬಣ್ಣ ಬಂದ. ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಇನ್ನೂ ಮಡಿಕೆ ಬಿಡದ ಹೊಸ ಅಂಗಿ ತೊಟ್ಟಿದ್ದ. ಅವನನ್ನು ಹಾಗೆ ನೋಡಿದ್ದು ಅದೇ ಮೊದಲು, ಕೆಸರಿಲ್ಲದ ಓಬಣ್ಣನಿಗೆ ಇಷ್ಟು ಚಂದದ ಮುಖವಿದೆಯೆಂದು ಆವರೆಗೆ ಗೊತ್ತೇ ಇರಲಿಲ್ಲ. ಕೈಯಲ್ಲಿ ಒಂದು ಬುಟ್ಟಿ ಸೀತಾಫಲ. ಗುಡ್ಡದ ಗಿಡದವು, ಕಣ್ಣು ಬಿಟ್ಟು ಹಣ್ಣಾಗಲು ಸಿದ್ಧವಾದವು. ಬೇಲಿಯ ಆಚೆ ಅವನ ತಾಯಿ ನಿಂತಿದ್ದಳು, ಅವಳೂ ಒಗೆದ ಸೀರೆ ಉಟ್ಟಿದ್ದಳು.

"ನಮ್ಮವ್ವ ಕೊಟ್ಟು ಕಳಿಸ್ಯಾಳೆ ದೊಡ್ಡವ್ವ. ನಿಮ್ಮ ಮನೆಗೇ ಅಂತ ಆರಿಸಿ ಕಿತ್ತಿದ್ದು."

ಹೀಗೆಂದು ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟ. ಇಟ್ಟವನು ದಿನದ ರೂಢಿಯಂತೆ ಚಪ್ಪಡಿ ಕಲ್ಲಿನ ಮೇಲೆ ಹತ್ತಿ ನಿಂತ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡ. ನೀರಿಗಾಗಿ ಕಾದ. ಒಳಗಿನಿಂದ ಅವ್ವ ನೋಡಿರಬೇಕು. ಹಂಡೆಯಿಂದ ಬೆಚ್ಚನೆ ನೀರು ತೋಡಿಕೊಂಡು, ಹಿಟ್ಟಿನ ಕೈಯಲ್ಲೇ ಚೊಂಬು ಹಿಡಿದು ಹೊರಗೆ ಬಂದಳು. ಅವಳು ಮೆಟ್ಟಿಲು ಇಳಿಯುವುದರೊಳಗೆ ಅಜ್ಜಿ ಎದ್ದು ಬಂದು ಅವಳ ಕೈಯಿಂದ ಚೊಂಬನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆತ್ತಗೆ ತೆಗೆದುಕೊಂಡಳು. ಓಬಣ್ಣನ ಕಡೆ ತಿರುಗಿ, ದಿನಾ ಮಾತಾಡಿಸುವ ಅದೇ ಅಕ್ಕರೆಯ ದನಿಯಲ್ಲಿ ಹೇಳಿದಳು.

"ಕಾಲು ಸ್ವಚ್ಛ ಅವಲ್ಲೋ ಮಗನೆ, ನೀರು ಯಾಕೆ ದಂಡ? ಹೋಗು, ಗಾಡಿ ಕೊಟ್ಟಿಗೆ ತಾವ ಕುಂತ್ಕ. ಹೋಳಿಗೆ ಅಲ್ಲಿಗೇ ಕಳಿಸ್ತೀನಿ."

ಓಬಣ್ಣ ತನ್ನ ಕಾಲುಗಳನ್ನು ನೋಡಿಕೊಂಡ. ಪಂಚೆ ಇಳಿಬಿಟ್ಟು, ಕಲ್ಲಿನಿಂದ ಇಳಿದು, ಗಾಡಿಯ ಕೊಟ್ಟಿಗೆಯ ಕಡೆ ಹೋದ. ಮುತ್ತುಗದ ಎಲೆಯಲ್ಲಿ ಹೋಳಿಗೆ ಕೊಂಡೊಯ್ದವಳು ನಾನೇ. ಮೇಲಿನಿಂದ ಹಾಕು ಎಂದು ಅಜ್ಜಿ ಹೇಳಿಕೊಟ್ಟಿದ್ದಳು, ಹಾಗೆಯೇ ಹಾಕಿದೆ. ಅವನು ನನ್ನ ಮುಖ ನೋಡಲಿಲ್ಲ. ಹಿಂದಿರುಗಿ ಬರುವಾಗ ಬೇಲಿಯ ಕಡೆ ನೋಡಿದೆ. ಅವನ ತಾಯಿ ಅಲ್ಲಿರಲಿಲ್ಲ.

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ಜಗಳವಾಯಿತು. ಲಟ್ಟಣಿಗೆಯನ್ನು ಮಣೆಯ ಮೇಲೆ ಕುಕ್ಕಿ ಅವ್ವ ಮಾತು ಶುರು ಮಾಡಿದಳು.

"ಹಬ್ಬದ ದಿನ ಮನೆ ಬಾಗ್ಲಿಗೆ ಬಂದೋನು. ಒಂದು ಚೊಂಬು ನೀರು ಹಾಕಿದ್ರೆ ನಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

"ಸುಮ್ನಿರೇ. ಊರು ನೋಡ್ತೈತೆ."

"ದಿನಾ ನೋಡಲ್ವಾ ಊರು?"

"ದಿನಾ ಅವ್ನು ಗುಡ್ಡದಿಂದ ಬತ್ತಾನೆ. ಇವತ್ತು ಕೇರಿಯಿಂದ ಬಂದವ್ನೆ."

ಅವ್ವ ಲಟ್ಟಣಿಗೆ ಎತ್ತಿಕೊಂಡು ಮತ್ತೆ ಹೋಳಿಗೆ ಲಟ್ಟಿಸತೊಡಗಿದಳು. ಅಪ್ಪ ನಡುಮನೆಯಲ್ಲಿ ಕೂತು ಎತ್ತಿನ ಗೆಜ್ಜೆಗೆ ದಾರ ಪೋಣಿಸುತ್ತಲೇ ಇದ್ದ. ಅಜ್ಜಿ ಸೀತಾಫಲಗಳ ಮೇಲೆ ನೀರು ಚಿಮುಕಿಸಿ, ಹಣ್ಣಾಗಲೆಂದು ರಾಗಿಯ ಪಾತ್ರೆಯಲ್ಲಿ ಹೂತಿಟ್ಟಳು. ಹಣ್ಣಿಗೆ ಚಿಮುಕಿಸಿದ ಆ ನೀರು ಅಜ್ಜಿಗೆ ದಂಡ ಅನ್ನಿಸಲಿಲ್ಲವಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಒಂದೆರಡು ದಿನದಲ್ಲಿ ಹಣ್ಣಾದ ಮೇಲೆ ನಾನೇ ಎಲ್ಲರಿಗಿಂತ ಹೆಚ್ಚು ತಿಂದೆ. ಬಹಳ ಸಿಹಿಯಾಗಿದ್ದವು.

ಓಬಣ್ಣ ಇನ್ನು ಬರುವುದಿಲ್ಲ ಎಂದು ಅವ್ವ ಅಂದುಕೊಂಡಿದ್ದಳು. ಬಾರದಿದ್ದರೇ ಚೆನ್ನ ಎಂದೂ ಅಂದಳು. ಆದರೆ ಗಣಿ ಮತ್ತೆ ಶುರುವಾದ ದಿನ ಅವನು ಎಲ್ಲರ ಜೊತೆಯಲ್ಲಿ ಬಂದ. ಮೊಣಕಾಲಿನವರೆಗೆ ಕರೀ ಕೆಸರು ಮೆತ್ತಿತ್ತು. ಕಲ್ಲಿನ ಮೇಲೆ ನಿಂತ, ಅಜ್ಜಿ ನೀರು ಹಾಕಿದಳು, ಮಗನೆ ಎಂದಳು, ಟವೆಲಿನ ತುದಿಯಿಂದ ಬೆನ್ನು ಕೊಡವಿದಳು. ಏನೂ ನಡೆದೇ ಇಲ್ಲವೆಂಬಂತೆ ಅವನು ಸಾಲಿನ ಕೊನೆಯಲ್ಲಿ ಕೂತು ಮುದ್ದೆ ಮುರಿದ. ಆಮೇಲಿನ ದಿನಗಳಲ್ಲಿಯೂ ಹಾಗೆಯೇ. ಬೇರೆಯವರು ಹಳ್ಳದಲ್ಲಿ ಒಂದಿಷ್ಟು ಕಾಲು ಅದ್ದಿಕೊಂಡು ಬಂದರೂ ಇವನು ಮೆತ್ತಿದ್ದನ್ನು ಮೆತ್ತಿದ ಹಾಗೇ ಹೊತ್ತು ತರುತ್ತಿದ್ದ. ಬೇಲಿಯ ಆಚೆ ಅವನ ತಾಯಿಯೂ ಮತ್ತೆ ಬಂದು ನಿಲ್ಲತೊಡಗಿದಳು. ಮುಂದಿನ ಯುಗಾದಿಗೆ ಮರಿಗೆಯ ಅಂಚಿನ ಗೆರೆ ಹಿಂದಿನದಕ್ಕಿಂತ ದಪ್ಪವಾಗಿತ್ತು. ಅಜ್ಜಿಗೇ ಆಶ್ಚರ್ಯ. ಗುಡ್ಡದ ದೇವತೆ ಗುಡ್ಡಮ್ಮ ಕಣ್ಣು ಬಿಟ್ಟಳು ಎಂದು ಮರಿಗೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. 'ಓಬ ಒಳ್ಳೆ ಕೆಲ್ಸಗಾರ, ಮೈ ಬಗ್ಸಿ ದುಡೀತಾನೆ' ಎಂದು ಹೊಗಳಿದಳು.

ಕರೀ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಗಾಡಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಅಜ್ಜಿ ಹಿರಿಯೂರಿನ ಆಚಾರಿಯ ಹತ್ತಿರ ಹೋದಳು. ಅವರು ಪಾದರಸ ಹಾಕಿ ಮಿದ್ದಿ, ಚಿನ್ನವನ್ನು ಒಟ್ಟು ಮಾಡಿ, ಕುಲುಮೆಯಲ್ಲಿ ಕರಗಿಸಿದರು. ಕಡಲೆಯಷ್ಟು ದೊಡ್ಡದೊಂದು ಬಿಳಿಚು ಗುಂಡು. ಆಚಾರಿ ಅದನ್ನು ಬೆಳಕಿಗೆ ಹಿಡಿದು ನಕ್ಕರು.

"ಗುಂಡಿಗುಡ್ಡದ್ದಲ್ಲೇನಮ್ಮ? ಇದ್ರಾಗೆ ಬೆಳ್ಳಿ ಜಾಸ್ತಿ ಐತೆ. ಬೆಳ್ಳಿ ತೆಗೆದ್ಹಾಕ್ಲಾ? ಒಳ್ಳೆ ಬಣ್ಣ ಬತ್ತೈತೆ."

"ಬ್ಯಾಡ ಬ್ಯಾಡ, ತೂಕ ಕಮ್ಮಿ ಆಗ್ತೈತೆ. ಹಂಗೇ ಮಾಡಪ್ಪ."

ಹಾಗೆಯೇ ಮಾಡಿದರು. ಸಣ್ಣ ಸಣ್ಣ ಎರಡು ಓಲೆ. ಶಾಲೆಯಲ್ಲಿ ಹುಡುಗಿಯರು ಬೆಳ್ಳಿಯದು ಎಂದು ಆಡಿಕೊಂಡರು. ಅಲ್ಲ, ನಮ್ಮ ಗುಡ್ಡದ ಚಿನ್ನ ಎನ್ನಲು ನಾಲಿಗೆ ತುದಿಯವರೆಗೆ ಬರುತ್ತಿತ್ತು, ಅಜ್ಜಿಯ ಮಾತು ನೆನಪಾಗಿ ನುಂಗಿಕೊಳ್ಳುತ್ತಿದ್ದೆ. ಅವ್ವನಿಗೂ ಒಂದು ಮೂಗುಬೊಟ್ಟು ಮಾಡಿಸುತ್ತೇನೆಂದು ಅಜ್ಜಿ ಎಷ್ಟೋ ಸಲ ಹೇಳಿದಳು. ನನ್ನ ಮೂಗಿಗೆ ಬ್ಯಾಡ ಎಂದು ಅವ್ವ ಪ್ರತಿ ಸಲವೂ ಹೇಳಿದಳು, ಸಾಯುವವರೆಗೂ ಬೇವಿನ ಕಡ್ಡಿಯನ್ನೇ ಸಿಕ್ಕಿಸಿಕೊಂಡಿದ್ದಳು. ಕೆಲವು ವರ್ಷಗಳಲ್ಲಿ ಕಂಪನಿಯವರಿಗೆ ಗಿಟ್ಟದೆ ಗಣಿ ಮುಚ್ಚಿತು. ಶೆಡ್ಡಿನ ತಗಡುಗಳು ಊರಿನ ಕೊಟ್ಟಿಗೆಗಳಿಗೆ ಬಂದವು. ಕೆಲಸಗಾರರು ಚೆದುರಿಹೋದರು. ಅಜ್ಜಿಯ ಹೆಸರು ಮಾತ್ರ ಉಳಿಯಿತು, ವರ್ಷ ಕಳೆದ ಹಾಗೆಲ್ಲ ಬೆಳೆಯಿತು.

ಬಾನಿಯನ್ನು ಕೇಳಿದ ಹುಡುಗರು ಇನ್ನೊಂದು ಮಾತು ಹೇಳಿದ್ದರು. ಆ ಜಗಲಿಯ ಮೇಲೆ ಉಂಡವರಲ್ಲಿ ಈಗ ಬದುಕಿರುವವನು ಓಬಣ್ಣ ಒಬ್ಬನೇ, ಐಮಂಗಲದಲ್ಲಿ ಮಗನ ಜೊತೆ ಇದ್ದಾನೆ, ಸಮಾರಂಭಕ್ಕೆ ಅವನನ್ನು ಕರೆಸಿ ಮಾತಾಡಿಸಬೇಕು, ನೀವೇ ಕರೆದರೆ ಬರುತ್ತಾನೆ ಎಂದು. ಕರೆಯುವುದಕ್ಕೆ ಹೋದೆನೋ, ಅವನು ಏನು ಹೇಳುತ್ತಾನೋ ಎಂಬ ಭಯಕ್ಕೆ ಹೋದೆನೋ, ನನಗೇ ಸರಿಯಾಗಿ ತಿಳಿಯದು. ಹೋದ ವಾರ ಬಸ್ಸು ಹತ್ತಿ ಐಮಂಗಲಕ್ಕೆ ಹೋದೆ.

ಹೆದ್ದಾರಿಯಿಂದ ಒಳಗೆ ಎರಡನೇ ಬೀದಿಯಲ್ಲಿ ಅವರ ಮನೆ. ಸಿಮೆಂಟಿನ ಹೊಸ ಮನೆ, ಮುಂದೆ ಒಂದು ಕರಿಬೇವಿನ ಗಿಡ. ಓಬಣ್ಣ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನನ್ನ ಮುಖದ ಗುರುತು ಅವನಿಗೆ ಹತ್ತಲಿಲ್ಲ, ಧ್ವನಿಯದೂ ಹತ್ತಲಿಲ್ಲ. ಕಣ್ಣು ಕಿರಿದು ಮಾಡಿ ನನ್ನ ಕಿವಿಯನ್ನು ನೋಡಿದ.

"ಗುಡ್ಡದ ಓಲೆ. ಕೆಂಚಮ್ಮನೋರ ಮೊಮ್ಮಗಳು ಸರೋಜವ್ವ ಅಲ್ವಾ? ಬರ್ರಿ, ಕುಂತ್ಕಳ್ರಿ."

ಬಹುವಚನದಲ್ಲಿ ಕರೆಸಿಕೊಂಡು ಕೂತೆ. ಸಿರಿಗೆರೆಯಲ್ಲಿ ಕಾಲೇಜು ಓದುವ ಅವನ ಮೊಮ್ಮಗಳು ರಜೆಗೆ ಬಂದಿದ್ದಳು. ನಗುತ್ತ ಒಂದು ಚೊಂಬು ನೀರು ತಂದು ನನ್ನ ಪಕ್ಕದಲ್ಲಿ ಇಟ್ಟು, ಟೀ ಮಾಡಲು ಒಳಗೆ ಹೋದಳು. ನಾನು ಕಾಲು ತೊಳೆದೆ. ನೀರು ಸಿಮೆಂಟಿನ ಮೇಲೆ ಜಾರಿ ಕರಿಬೇವಿನ ಬುಡಕ್ಕೆ ಹೋಯಿತು. ಚೊಂಬಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಶಾಲೆಯ ಕಟ್ಟೆಯ ವಿಚಾರ, ಬಾನಿಯ ವಿಚಾರ, ಕಲ್ಲಿನ ಮೇಲೆ ಬರೆಸುವ ಮಾತು, ಎಲ್ಲವನ್ನೂ ಹೇಳಿದೆ.  ಆಮೇಲೆ ನಾನೇ ಮೆತ್ತಗೆ ಕೇಳಿದೆ.

"ಓಬಣ್ಣ, ಆ ನೀರನ್ನ ಅಜ್ಜಿ ಏನು ಮಾಡ್ತಿದ್ಲು ಅಂತ ನಿಮಗೆ..."

"ಗೊತ್ತಿತ್ತವ್ವ. ಎಲ್ರಿಗೂ ಗೊತ್ತಿತ್ತು. ಒಗೆದ ಅಂಗಿ ಸಿಗ್ತಿತ್ತು, ಬಿಸಿ ಮುದ್ದೆ ಸಿಗ್ತಿತ್ತು. ಕೆಸರು ಇಟ್ಕಂಡ್ರೆ ಇಟ್ಕಳ್ಳಲಿ ಅಂತ ನಗ್ತಿದ್ವಿ."

"ಆ ದೀಪಾವಳಿ ಆದ್ಮೇಲೂ ಬಂದ್ರಲ್ಲ?"

ಅವನು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದ. 

"ನಮ್ಮವ್ವ ಬೇಲಿ ತಾವ ನಿಂತು ನೋಡ್ತಿದ್ಲಲ್ಲ, ನಿಮಗೆ ನೆಪ್ಪೈತಾ? ಊರಾಗಿನ ಮನೇಲಿ ನನ್ ಮಗನ ಕಾಲಿಗೆ ನೀರು ಹಾಕ್ತಾರೆ ಅಂತ, ಅದನ್ನ ನೋಡಾಕೇ ಬತ್ತಿದ್ಲು. ಕೇರಿ ತುಂಬ ಹೇಳ್ಕಂಡು ತಿರುಗ್ತಿದ್ಲು. ಹಬ್ಬದಿವ್ಸ ಹಾಕ್ಲಿಲ್ಲ. ಮನೆಗೆ ಹೋದ್ರೆ ಅಳ್ತಾ ಕುಂತಿದ್ಲು. ಹಬ್ಬದಾಗೆ ಅವ್ರು ಮಡಿ ಇರ್ತಾರೆ ಕಣವ್ವ, ನಾಳೆಯಿಂದ ನೋಡು ಬೇಕಾದ್ರೆ ಅಂತ ಸುಳ್ಳು ಹೇಳ್ದೆ. ಕೆಸರಿಲ್ದ ಬರೀ ಕಾಲಿಗೆ ನೀರು ಬೀಳಲ್ಲ ಅಂತ ನನಗೆ ತಿಳೀತಲ್ಲ. ಮೇಜಿನ ಬುಡದಾಗೆ ಕರೀ ಕೆಸರು ನಿಂತಿರೋದು, ಪಾಳಿ ಮುಗಿದ್ಮೇಲೆ ಅದ್ರಾಗೆ ಒಂದೀಟೊತ್ತು ನಿಂತ್ಕಂಡು ಬತ್ತಿದ್ದೆ. ನಮ್ಮವ್ವ ಇರೋಗಂಟ ನೀರು ತಪ್ಪಲಿಲ್ಲ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗುಡ್ಡಮ್ಮ ಕಣ್ಣು ಬಿಟ್ಟಳೆಂದು ಅಜ್ಜಿ ಕೈಮುಗಿದ ಆ ದಪ್ಪ ಗೆರೆ ಯಾವುದೆಂದು ನನಗೆ ಈಗ ತಿಳಿಯಿತು. ಒಬ್ಬ ತಾಯಿ ಬೇಲಿಯ ಆಚೆಯಿಂದ ನೋಡಲಿ ಎಂದು ಮಗ ತನ್ನ ಕಾಲಿಗೆ ತಾನೇ ಕೆಸರು ಮೆತ್ತಿಕೊಂಡದ್ದು, ನನ್ನ ಎರಡು ಕಿವಿಯಲ್ಲಿ ತೂಗುತ್ತಿತ್ತು. ಸೆರಗನ್ನು ಎಳೆದು ಕಿವಿ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಕುರ್ಚಿಯಿಂದ ಎದ್ದೆ, ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಂಡೆ, ಅವನ ಕಾಲಿನ ಬಳಿ ಬಗ್ಗಿದೆ.

ಓಬಣ್ಣ ಎರಡೂ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.

"ಬ್ಯಾಡ ಬಿಡವ್ವ. ಕಾಲು ಸ್ವಚ್ಛ ಅವೆ, ನೀರು ಯಾಕೆ ದಂಡ?"